ಕೈ ಎತ್ತಿದ ಮೂವರು

ಪೋಷಕರ ಸಭೆ ನಡೆದದ್ದು ಮೂರನೇ ತರಗತಿಯ ಕೋಣೆಯಲ್ಲಿ. ವೆಸ್ಟ್ ಮಾಂಬಲಂನ ಆ ಚಿಕ್ಕ ಪ್ರಾಥಮಿಕ ಶಾಲೆಗೆ ಬೇರೆ ಸಭಾಂಗಣವಿಲ್ಲ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ ಅಪ್ಪ ಅಮ್ಮಂದಿರೆಲ್ಲ ಓರೆಯಾಗಿ ಕುಳಿತಿದ್ದೆವು. ಮುಖ್ಯೋಪಾಧ್ಯಾಯಿನಿ ನೇರವಾಗಿ ವಿಷಯಕ್ಕೆ ಬಂದರು. ಪ್ರತಿ ವರ್ಷದಂತೆ ಹೊರಗಿನ ಸಂಸ್ಥೆಯೊಂದು ಮೂರನೇ ತರಗತಿಗೆ ಪರೀಕ್ಷೆ ನಡೆಸಲಿದೆ. ಅನೇಕ ಶಾಲೆಗಳಿಗೆ ಒಂದೇ ಪ್ರಶ್ನೆಪತ್ರಿಕೆ. ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಪಕ್ಕದ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು, ತಿದ್ದುವುದು ಯಂತ್ರ. ಇಂಗ್ಲಿಷ್, ಗಣಿತ, ಪರಿಸರ ಮಾಮೂಲು. ಈ ವರ್ಷ ಹೊಸದಾಗಿ ನಾಲ್ಕನೆಯ ಭಾಗವೊಂದು ಸೇರಿದೆ, ಮಾತೃಭಾಷೆಯಲ್ಲಿ ಓದು.

ಇಷ್ಟು ಹೇಳಿ, ಯಾರ ಮನೆಯಲ್ಲಿ ತಮಿಳಲ್ಲದೆ ಬೇರೆ ಭಾಷೆ ಆಡುತ್ತೀರಿ, ಕೈ ಎತ್ತಿ ಎಂದರು.

ನಾನು ಎತ್ತಿದೆ. ಕಿಟಕಿಯ ಪಕ್ಕ ಕುಳಿತಿದ್ದ ಬಿಳಿ ಅಂಗಿಯ ಗಂಡಸೊಬ್ಬರು ಎತ್ತಿದರು. ಮುಂದಿನ ಬೆಂಚಿನಲ್ಲಿ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ತೂಗಿಸಿಕೊಂಡೇ ಬಂದಿದ್ದ ಹೆಂಗಸೊಬ್ಬರು ಎತ್ತಿದರು. ಯಾವ ಭಾಷೆ ಎಂದು ಕೇಳಿದಾಗ ಮೂವರೂ ಕನ್ನಡ ಎಂದೆವು. ಅಲ್ಲಿಯವರೆಗೆ ನಮಗೆ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ನಮ್ಮ ಮಕ್ಕಳು ಒಂದೇ ತರಗತಿಯಲ್ಲಿ ಮೂರು ವರ್ಷದಿಂದ ತಮಿಳಿನಲ್ಲಿ ಜಗಳವಾಡಿಕೊಂಡಿದ್ದರು.

ಆ ಕೋಣೆಯಲ್ಲಿ ತೆಲುಗು ಮನೆಗಳಿದ್ದವು, ಹಿಂದಿ ಮನೆ ಒಂದಿತ್ತು. ಅವರ್ಯಾರ ಕೈಯೂ ಮೇಲೇಳಲಿಲ್ಲ. ನನ್ನ ಪಕ್ಕದಲ್ಲೇ ಕುಳಿತಿದ್ದ, ನಮ್ಮ ಕಟ್ಟಡದವರೇ ಆದ ತೆಲುಗಿನವರು ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡಿದ್ದರು. ಆಮೇಲೆ ಮೆಟ್ಟಿಲಿಳಿಯುವಾಗ ಅವರು, ಇಂಥ ಪ್ರಶ್ನೆ ಬಂದರೆ ಮೊದಲು ಯಾಕೆ ಎಂದು ಕೇಳಬೇಕಮ್ಮ ಎಂದು ತಮಿಳಿನಲ್ಲಿ ಹೇಳಿದರು. ಅವರದು ಮೂರು ತಲೆಮಾರಿನ ಚೆನ್ನೈ ವಾಸ. ಸುದ್ದಿಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ದಿನವೂ ಯಾಕೆ, ಯಾರು, ಎಲ್ಲಿ ಎಂದು ಕೇಳುವುದೇ ಕೆಲಸವಾದ ನನಗೆ ಅದು ಹೊಳೆದಿರಲಿಲ್ಲ. ಚೆನ್ನೈಗೆ ಬಂದ ಇಷ್ಟು ವರ್ಷಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮೊದಲ ಸಲ ಕೇಳಿದಾಗ ಕೈ ಎದ್ದಿತು.

ಯಾಕೆ ಎಂಬುದು ಮುಂದಿನ ವಾರ ತಿಳಿಯಿತು. ಶಾಲೆಯಿಂದ ಕರೆ ಬಂತು. ಸಂಸ್ಥೆಯವರು ಮಕ್ಕಳ ಹೆಸರು ಅಚ್ಚಾದ ಪತ್ರಿಕೆಗಳನ್ನು ಸಿದ್ಧಪಡಿಸಿಬಿಟ್ಟಿದ್ದಾರೆ. ಇಡೀ ತರಗತಿಗೆ ಓದಿನ ಭಾಗ ತಮಿಳಿನಲ್ಲಿ, ಮೂರು ಮಕ್ಕಳಿಗೆ ಮಾತ್ರ ಕನ್ನಡದಲ್ಲಿ. ಪರೀಕ್ಷೆಗೆ ಉಳಿದಿರುವುದು ಒಂದೇ ತಿಂಗಳು, ಬದಲಾಯಿಸಲು ಆಗುವುದಿಲ್ಲವಂತೆ. ಖಾಲಿ ಬಿಟ್ಟರೆ ಸೊನ್ನೆ, ಸೊನ್ನೆಯೂ ತರಗತಿಯ ಸರಾಸರಿಗೆ ಸೇರುತ್ತದೆ ಎಂದು ಫೋನಿನಲ್ಲಿ ಹೇಳಿದರಂತೆ.

ಆ ಮಧ್ಯಾಹ್ನ ನಾವು ಮೂವರು ಶಾಲೆಯ ಗೇಟಿನಲ್ಲಿ ಸೇರಿದೆವು. ಬಿಳಿ ಅಂಗಿಯವರು ಕುಂದಾಪುರದ ಕಡೆಯವರು, ನಿಲ್ದಾಣದ ಹತ್ತಿರದ ಬೀದಿಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಗುರುತಿನ ಚೀಟಿಯವರು ಹುಬ್ಬಳ್ಳಿಯವರು, ಪೆರಂಬೂರಿನ ರೈಲ್ವೆ ಕಾರ್ಯಾಗಾರದ ಕಚೇರಿಯಲ್ಲಿ ಗುಮಾಸ್ತೆ. ಗಂಡನ ಕೆಲಸ ಗಿಂಡಿಯಲ್ಲಿ, ಆದ್ದರಿಂದ ಇಬ್ಬರಿಗೂ ನಡುವೆ ಎಂದು ಮಾಂಬಲಂನಲ್ಲಿ ಮನೆ ಮಾಡಿದ್ದಾರೆ. ಅಂದು ಅರ್ಧ ದಿನ ರಜೆ ಹಾಕಿ ಬಂದಿದ್ದರು.

"ಎಂತ ಮಾಡುದ್ ಮಾರಾಯ್ರೆ," ಎಂದರು ಹೋಟೆಲಿನವರು. "ಯಾರೋ ಒಬ್ರ್ ಕೇಂಡ್ರಲೆ ಅಂದೇಳಿ ಕೈ ತನ್ನಷ್ಟಕ್ಕೇ ಮೇಲ್ ಹೋಯ್ತ್."

"ನನ್ನ ಮಗಗ ಕನ್ನಡದಾಗ ತನ್ನ ಹೆಸರೂ ಬರಿಯಾಕ ಬರಂಗಿಲ್ರೀ," ಎಂದರು ರೈಲ್ವೆಯವರು. "ಬೈದ್ರ ತಿಳೀತೈತಿ. ಅಷ್ಟ."

ನನ್ನ ಮಗಳ ಸ್ಥಿತಿಯೂ ಅದೇ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಅವಳ ಮಟ್ಟಿಗೆ ಅಜ್ಜಿಯ ಮನೆಯ ಬಸ್ಸಿನ ಬೋರ್ಡಿನ ಮೇಲಿರುವ ಚಿತ್ರ.

ಮೂರು ಮಕ್ಕಳಿಗೆ ಒಂದು ಭಾಗದಲ್ಲಿ ಸೊನ್ನೆ ಬಂದರೆ ಆಕಾಶ ಬೀಳುವುದಿಲ್ಲ. ಹಾಗೆಂದುಕೊಂಡು ಹೊರಡುವವರಿದ್ದೆವು. ಆಗ ತರಗತಿಯ ಟೀಚರ್ ಗೇಟಿನ ಬಳಿಗೆ ಬಂದರು. ಚಿಕ್ಕ ವಯಸ್ಸಿನವರು, ಶಾಲೆಗೆ ಸೇರಿ ಎರಡನೆಯ ವರ್ಷ. ದನಿ ಏರಿಸದೆ, ಯಾರನ್ನೂ ದೂರದೆ ವಿಷಯ ಹೇಳಿದರು. ಅವರ ಕೆಲಸ ಇನ್ನೂ ಕಾಯಂ ಆಗಿಲ್ಲ. ಆಡಳಿತ ಮಂಡಳಿ ನೋಡುವುದು ಈ ಪರೀಕ್ಷೆಯ ಫಲಿತಾಂಶವನ್ನೇ. ಹೋದ ವರ್ಷದ ತರಗತಿಯ ಸರಾಸರಿಗಿಂತ ಕೆಳಗಿಳಿಯದಿದ್ದರೆ ಕಾಯಂ, ಇಳಿದರೆ ಜೂನ್‌ನಲ್ಲಿ ಬೇರೆ ಶಾಲೆ ಹುಡುಕಬೇಕು. ಚಿಕ್ಕ ತರಗತಿ, ಮೂರು ಸೊನ್ನೆ ಎಂದರೆ ಇಳಿದಂತೆಯೇ. ಇಷ್ಟು ಹೇಳಿ, ನಿಮ್ಮ ತಪ್ಪಲ್ಲ ಎಂದು ತಮಿಳಿನಲ್ಲಿ ಸೇರಿಸಿದರು.

ಹೋಟೆಲಿನವರು ನಮ್ಮಿಬ್ಬರ ಕಡೆಗೆ ತಿರುಗಿದರು. ಅವರ ಮಗಳಿಗೆ ಎರಡನೇ ತರಗತಿಯಲ್ಲೂ ಇಂಗ್ಲಿಷ್ ಓದುವುದೇ ಕಷ್ಟವಾಗಿತ್ತು. ಅವಳನ್ನು ದಾರಿಗೆ ತಂದವರು ಈ ಟೀಚರ್ ಎಂದು ಆಮೇಲೆ ನನಗೆ ಹೇಳಿದರು. ಆ ಹೊತ್ತಿಗೆ ಹೇಳಿದ್ದು ಇಷ್ಟೇ. ಊಟ ಮುಗಿದ ಮೇಲೆ ಸಂಜೆಯ ಕಾಫಿಯವರೆಗೆ ಹೋಟೆಲಿನ ಮಹಡಿ ಖಾಲಿ ಇರುತ್ತದೆ, ಮಕ್ಕಳನ್ನು ಅಲ್ಲಿಗೆ ಕಳಿಸಿ. "ಒಂದ್ ತಿಂಗಳಲ್ಲಿ ಓದುಕ್ ಬತ್ತಾ ಇಲ್ಯಾ, ಕಾಂಬ."

ನನ್ನ ಪಾಳಿ ಸಂಜೆ ಶುರುವಾಗುವುದರಿಂದ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ವಾರದ ದಿನ ನಾನು, ಶನಿವಾರ ಭಾನುವಾರ ರೈಲ್ವೆಯವರು. ಹೋಟೆಲಿನವರು ಗಲ್ಲಾದಿಂದ ಎದ್ದು ಬಂದಾಗಲೆಲ್ಲ ಅವರು.

ಮಹಡಿಯಲ್ಲಿ ಆರು ಮೇಜು, ಗೋಡೆಗೆ ಒಂದು ಫ್ಯಾನು. ಕೆಳಗೆ ಆ ಹೊತ್ತಿನಲ್ಲಿ ಮರುದಿನದ ಹಿಟ್ಟು ರುಬ್ಬುತ್ತಾರೆ. ಗ್ರೈಂಡರಿನ ಸದ್ದು ನೆಲದ ಮೂಲಕ ಕಾಲಿಗೆ ಬರುತ್ತದೆ. ಪಾಠಪುಸ್ತಕ ತರಿಸುವ ಯೋಚನೆ ಮಾಡಿದೆವು, ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತಿತ್ತು. ಮೂಲೆಯಲ್ಲಿ ಕನ್ನಡ ದಿನಪತ್ರಿಕೆಗಳ ರಾಶಿ ಕಂಡಿತು. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಮಧ್ಯಾಹ್ನದ ಹೊತ್ತಿಗೆ ಹೋಟೆಲು ಮುಟ್ಟುವ ಪತ್ರಿಕೆ ಅದು. ಅಡುಗೆಯವರು, ಬಡಿಸುವವರು ಓದಿ ಮುಗಿಸಿ ಮಹಡಿಗೆ ಹಾಕುತ್ತಾರೆ. ಶೀರ್ಷಿಕೆಗಳು ದಪ್ಪ ಅಕ್ಷರದಲ್ಲಿರುತ್ತವೆ, ಮೂರು ನಾಲ್ಕು ಪದಗಳಲ್ಲಿ ಮುಗಿಯುತ್ತವೆ, ಪದಗಳೂ ಅವೇ ಅವೇ ಮರಳಿ ಬರುತ್ತವೆ. ಕತ್ತರಿ ತರಿಸಿ ಶೀರ್ಷಿಕೆಗಳನ್ನು ಕತ್ತರಿಸತೊಡಗಿದೆವು.

ಮೊದಲ ತಕರಾರು ನನ್ನ ಮಗಳದು. ತಮಿಳಿನಲ್ಲಿ ಕ ಒಂದೇ. ಕನ್ನಡದಲ್ಲಿ ಕ ಖ ಗ ಘ ಎಂದು ನಾಲ್ಕು ಯಾಕೆ? "ಒಣ್ಣು ಪೋದಾದಾ?" ಎಂದಳು, ಒಂದು ಸಾಲದೇ ಎಂದು. ವಿವರಿಸಲು ಹೋಗಿ ಸೋತೆ. ಮೇಜಿನ ಮೇಲೆ ಕೈ ಒರೆಸುವ ಕಾಗದದ ಚೂರುಗಳಿದ್ದವು. ಒಂದನ್ನು ಬಾಯಿಯ ಮುಂದೆ ಹಿಡಿದು ಗ ಎಂದೆ, ಕಾಗದ ಸುಮ್ಮನಿತ್ತು. ಹೊಟ್ಟೆಯಿಂದ ಉಸಿರು ತಂದು ಘ ಎಂದೆ, ಕಾಗದ ಹಾರಿತು. ಆಮೇಲೆ ಅರ್ಧ ಗಂಟೆ ಮೂವರೂ ಕಾಗದ ಹಾರಿಸಿದ್ದೇ ಹಾರಿಸಿದ್ದು. ಏನಾಯಿತೆಂದು ನೋಡಲು ಕೆಳಗಿನಿಂದ ಒಬ್ಬರು ಹತ್ತಿ ಬಂದರು.

ಎರಡನೆಯ ತೊಂದರೆ ಒತ್ತಕ್ಷರ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುವುದನ್ನು ತಮಿಳು ಓದಿದ ಮಕ್ಕಳು ಒಪ್ಪಲಿಲ್ಲ. ಅದನ್ನು ಬಿಡಿಸಿದವರು ಹೋಟೆಲಿನವರು. "ಮೇಲಿಪ್ಪುದ್ ಅಣ್ಣ, ಕೆಳಗಿಪ್ಪುದ್ ತಮ್ಮ. ಅಣ್ಣನ್ ಮೊದಲ್ ಕರಿ, ತಮ್ಮನ್ ಆಮೇಲ್ ಕರಿ. ಇಬ್ರೂ ಒಟ್ಟಿಗೇ ಬತ್ರ್." ರೈಲ್ವೆಯವರ ಮಗ ತಾನು ಮನೆಯಲ್ಲಿ ತಮ್ಮ, ತನ್ನನ್ನು ಯಾಕೆ ಯಾವಾಗಲೂ ಆಮೇಲೆ ಕರೆಯುವುದು ಎಂದು ಕೇಳಿದ. ಅದಕ್ಕೆ ಅವನಿಗೊಂದು ಬೋಂಡಾ ಸಿಕ್ಕಿತು.

ಮೂರನೆಯದು ನಾನು ಊಹಿಸಿರದ ಜಗಳ. "ಹೋಗುತ್ತಾನೆ" ಎಂದು ಓದಿಸಿದೆ. ನಮ್ಮ ಮನೆಯಲ್ಲಿ ಹೋಗ್ತಾನೆ ಎನ್ನುತ್ತೇವೆ. ಹುಡುಗನ ಮನೆಯಲ್ಲಿ ಹೋಗ್ತಾನ. ಹೋಟೆಲಿನ ಹುಡುಗಿಯ ಮನೆಯಲ್ಲಿ ಹೋತಾ. ಹೋಗುತ್ತಾನೆ ಎನ್ನುವವರು ಯಾರು, ಅವರ ಮನೆ ಎಲ್ಲಿ ಎಂದು ಅವಳು ಕೇಳಿದಳು. ಅದು ಯೂನಿಫಾರ್ಮ್ ಎಂದೆ. ಮನೆಯಲ್ಲಿ ಯಾವ ಬಟ್ಟೆಯಾದರೂ ಹಾಕಿಕೊಳ್ಳಿ, ಅಚ್ಚಿಗೆ ಬರುವಾಗ ಎಲ್ಲರೂ ಯೂನಿಫಾರ್ಮ್. ಅದನ್ನು ಒಪ್ಪಿದರು.

ಶನಿವಾರಗಳಲ್ಲಿ ರೈಲ್ವೆಯವರು ಶೇಂಗಾ ಚಟ್ನಿಪುಡಿಯ ಡಬ್ಬಿಯೊಂದಿಗೆ ಬರುತ್ತಿದ್ದರು. ಹೋಟೆಲಿನ ಇಡ್ಲಿಗೆ ಹೊರಗಿನ ಪುಡಿ ಹಚ್ಚುವುದನ್ನು ಹೋಟೆಲಿನವರು ಕಂಡೂ ಕಾಣದಂತೆ ಇದ್ದರು. ರೈಲ್ವೆಯವರು ಕಲಿಸುವ ರೀತಿ ನನ್ನದಕ್ಕಿಂತ ಬಿಗಿ. ತಪ್ಪು ಓದಿದರೆ ಮತ್ತೆ ಮೊದಲಿಂದ. ಮಗ ತಮಿಳಿನಲ್ಲಿ ಗೊಣಗಿದರೆ, ಇಲ್ಲಿ ಗೊಣಗುವುದಿದ್ದರೂ ಕನ್ನಡದಲ್ಲೇ ಗೊಣಗಬೇಕು ಎಂದು ಹೇಳಿದ್ದರು.

ಟೀಚರ್ ಎರಡನೆಯ ವಾರದಿಂದ ಬರತೊಡಗಿದರು. ಅವರಿಗೆ ಬೇಕಿದ್ದದ್ದು ಒಂದೇ ವಾಕ್ಯ. ಪ್ರತಿ ಭಾಷೆಯ ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆಯನ್ನು ತರಗತಿಯ ಶಿಕ್ಷಕಿಯೇ ಗಟ್ಟಿಯಾಗಿ ಓದಬೇಕೆಂಬುದು ಪರೀಕ್ಷೆಯ ನಿಯಮ. ಕೆಳಗಿನ ಕಥೆಯನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ ಎಂಬುದು ಆ ವಾಕ್ಯ. ತಮಿಳು ಲಿಪಿಯಲ್ಲಿ ಬರೆದುಕೊಟ್ಟರೆ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ. ಹಿಂದಿನ ಮೇಜಿನಲ್ಲಿ ಕುಳಿತು ಮಕ್ಕಳ ಜೊತೆಗೇ ಅ ಆ ಬರೆದರು. ಮಕ್ಕಳಿಗೆ ಇದು ಅನಿರೀಕ್ಷಿತ ಲಾಭ. ತಮಗಿಂತ ಹಿಂದುಳಿದವರೊಬ್ಬರು ಸಿಕ್ಕಿದರು, ಅವರೂ ಸ್ವತಃ ಮಿಸ್. ಹೋಟೆಲಿನ ಹುಡುಗಿ ಅವರ ಬರವಣಿಗೆಯನ್ನು ನೋಡಿ, ಶಾಲೆಯಲ್ಲಿ ಅವರೇ ಆಡುವ ಮಾತನ್ನು ಅವರದೇ ದನಿಯಲ್ಲಿ ಹೇಳಿದಳು: "ನೀಟಾ ಎಳುದುಂಗ, ಮಿಸ್." ನೀಟಾಗಿ ಬರೆಯಿರಿ ಎಂದು. ಟೀಚರ್ ಅಳಿಸಿ ಮತ್ತೆ ಬರೆದರು.

ಪತ್ರಿಕೆಯಿಂದ ಕಲಿಸಿದ್ದರ ಪರಿಣಾಮ ಮನೆಯಲ್ಲಿ ಕಾಣಿಸಿತು. ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಮಗಳು ಪಕ್ಕಕ್ಕೆ ಸರಿಸಿದಳು. "ದೋಸೆಗೆ ಆಗ್ರಹ," ಎಂದಳು.

ನನ್ನ ಗಂಡ ವಿಮಾ ಕಂಪನಿಯಲ್ಲಿ ಕೆಲಸ ಮಾಡುವವರು, ಬೆಳಗಿನ ಹೊತ್ತು ಮಾತು ಕಡಿಮೆ. ಅವರು ತಲೆಯೆತ್ತಿ ಮಗಳನ್ನು ನೋಡಿದರು. ನಮ್ಮ ಮನೆಯಲ್ಲಿ ಅವಳು ತಾನಾಗಿ ಆಡಿದ ಮೊದಲ ಪೂರ್ಣ ಕನ್ನಡ ವಾಕ್ಯ ಅದು ಎಂದರೆ ಹೆಚ್ಚು ತಪ್ಪಾಗದು. ನಾನು ದೋಸೆ ಹಾಕಲಿಲ್ಲ. ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅಮ್ಮನ ನಿಲುವಿಗೆ ಖಂಡನೆ," ಎಂದು ಹೇಳಿ ಹೋದಳು. ಖ ಸರಿಯಾಗಿತ್ತು. ಉಳಿದ ಎರಡು ಮನೆಗಳಿಂದಲೂ ಇಂಥವೇ ವರದಿಗಳು ಬಂದವು. ರೈಲ್ವೆಯವರ ಮನೆಯಲ್ಲಿ ಸ್ನಾನ ಮುಂದೂಡಿಕೆಯಾಗಿತ್ತು. ಹೋಟೆಲಿನಲ್ಲಿ ಕಾಫಿ ತಡವಾದಾಗ ಗ್ರಾಹಕರ ಪರದಾಟ ಎಂದು ಹುಡುಗಿ ಗಿರಾಕಿಗಳ ಎದುರೇ ಅಪ್ಪನಿಗೆ ಹೇಳಿದ್ದಳು.

ಮಕ್ಕಳ ಮೆಚ್ಚಿನ ಚೂರು ಒಂದಿತ್ತು. ರಾಶಿಯ ತಳದಲ್ಲಿ ಮಳೆಗಾಲದ ಪತ್ರಿಕೆ ಸಿಕ್ಕಿ, ಅದರಲ್ಲಿ ಹುಡುಗ ತಾನೇ ಹುಡುಕಿ ತಾನೇ ಓದಿದ ಶೀರ್ಷಿಕೆ: ಭಾರಿ ಮಳೆ, ಶಾಲೆಗಳಿಗೆ ರಜೆ ಘೋಷಣೆ. ಯಾವ ಊರಿನ ಮಳೆಯೋ, ಯಾವ ಶಾಲೆಗಳೋ. ಅವನು ಅದನ್ನು ಪೆನ್ಸಿಲ್ ಡಬ್ಬಿಯಲ್ಲಿಟ್ಟುಕೊಂಡ.

ಪರೀಕ್ಷೆ ಫೆಬ್ರವರಿಯಲ್ಲಿ ನಡೆಯಿತು. ಒಳಗಿನದನ್ನು ನಾನು ಕಂಡಿಲ್ಲ, ಟೀಚರ್ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವರು ಆ ವಾಕ್ಯವನ್ನು ಹಾಳೆ ನೋಡಿ ಓದಿದರು. ಮೂವರೂ ತಲೆಯೆತ್ತಿ ಕೇಳಿ, ತಪ್ಪಿಲ್ಲ ಎಂಬಂತೆ ತಲೆಯಾಡಿಸಿ, ಹಾಳೆಗೆ ತಲೆ ಬಗ್ಗಿಸಿದರು. ತಮಿಳು ಮಕ್ಕಳು ಮುಗಿಸಿ ಕಿಟಕಿ ನೋಡುವಾಗಲೂ ಇವರ ತುಟಿ ಅಲ್ಲಾಡುತ್ತಲೇ ಇತ್ತು. ಹುಡುಗ ಒಂದೆರಡು ಸಲ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ಪರೀಕ್ಷಿಸಿಕೊಂಡ. ಗಂಟೆ ಹೊಡೆದಾಗ ಹೋಟೆಲಿನ ಹುಡುಗಿಗೆ ಕೊನೆಯ ಎರಡು ಪ್ರಶ್ನೆ ಉಳಿದಿದ್ದವು.

ಹೊರಗೆ ಬಂದ ಮೇಲೆ ರೈಲ್ವೆಯವರು ಮಗನಿಗೆ ಕಥೆ ಏನಿತ್ತೆಂದು ಕೇಳಿದರು. ಬಾವಿಗೆ ಬಿದ್ದ ಆಮೆಯನ್ನು ಮೇಲೆತ್ತುವ ಕಥೆ. ಅವನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದ, ತಮಿಳಿನಲ್ಲಿ. ಕನ್ನಡದಲ್ಲಿ ಹೇಳು ಎಂದು ತಾಯಿ ಹೇಳಿದಾಗ, ಓದಿದ್ದು ಕನ್ನಡದಲ್ಲೇ ತಾನೆ, ಹೇಳುವುದೂ ಯಾಕೆ ಎಂದ. ಹೋಟೆಲಿನವರು ಎಲ್ಲರನ್ನೂ ಮಹಡಿಗೆ ಕರೆದೊಯ್ದು ಕಾಫಿ, ಹಾಲು ತರಿಸಿದರು. ಟೀಚರ್ ಮಾತ್ರ ಕುಡಿಯದೆ ಲೋಟ ಹಿಡಿದುಕೊಂಡೇ ಕುಳಿತಿದ್ದರು. ಎರಡು ತಿಂಗಳು ಕಾಯಬೇಕಿತ್ತು.

ಪಾಠ ನಿಲ್ಲಿಸಬಹುದಿತ್ತು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಮಕ್ಕಳಿಗೆ ಶಾಲೆ ಬಿಟ್ಟೊಡನೆ ಕಾಲು ಹೋಟೆಲಿನ ಕಡೆಗೇ ಹೋಗುವುದು ಅಭ್ಯಾಸವಾಗಿತ್ತು, ಬೋಂಡಾದ ಪಾತ್ರವನ್ನು ಇಲ್ಲಿ ಕಡಿಮೆ ಮಾಡಿ ಹೇಳಬಾರದು.

ಫಲಿತಾಂಶದ ವರದಿ ಏಪ್ರಿಲ್‌ನಲ್ಲಿ ಬಂತು. ದಪ್ಪ ಕಾಗದ, ಬಣ್ಣದ ಪಟ್ಟಿಗಳು. ಟೀಚರ್ ಅದನ್ನು ಶಾಲೆಯಿಂದ ನೇರ ಮಹಡಿಗೆ ತಂದರು. ಅವತ್ತು ಶನಿವಾರವಾದ್ದರಿಂದ ರೈಲ್ವೆಯವರೂ ಇದ್ದರು, ಪಾಳಿಗೆ ಮೊದಲು ನಾನೂ ಬಂದಿದ್ದೆ. ಗಣಿತ ಹೋದ ವರ್ಷಕ್ಕಿಂತ ಮೇಲೆ. ಇಂಗ್ಲಿಷ್ ಸರಿಸಮ. ಪರಿಸರ ತುಸು ಮೇಲೆ. ಮಾತೃಭಾಷೆ, ತಮಿಳು, ಚೆನ್ನಾಗಿತ್ತು. ಕನ್ನಡ ಎಂಬ ಸಾಲಿನಲ್ಲಿ ಒಂದು ಅಡ್ಡಗೆರೆ, ಅದರ ಮೇಲೊಂದು ನಕ್ಷತ್ರ ಚಿಹ್ನೆ.

ಅಂಕಿಅಂಶದ ವರದಿ ಬಂದರೆ ಮೊದಲು ಅಡಿಟಿಪ್ಪಣಿ ಓದಬೇಕೆಂದು ಡೆಸ್ಕಿನಲ್ಲಿ ಹೊಸಬರಿಗೆ ಹೇಳಿಕೊಡುತ್ತೇವೆ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಯಾವುದೇ ಭಾಷೆಯಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳು ಬರೆದಿದ್ದರೆ ಆ ಅಂಕಗಳನ್ನು ಪ್ರಕಟಿಸುವುದಿಲ್ಲ, ಸರಾಸರಿಗೂ ಸೇರಿಸುವುದಿಲ್ಲ. ಫೋನಿನಲ್ಲಿ ಮಾತನಾಡಿದವರಿಗೆ ಈ ನಿಯಮ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಅದನ್ನು ಗಟ್ಟಿಯಾಗಿ, ಕನ್ನಡಕ್ಕೂ ತಮಿಳಿಗೂ ತಿರುಗಿಸಿ ಎರಡು ಸಲ ಓದಿ ಹೇಳಿದೆ.

ಕೆಳಗೆ ಗ್ರೈಂಡರ್ ತಿರುಗುತ್ತಿತ್ತು. ಮೊದಲು ನಕ್ಕವರು ಹೋಟೆಲಿನವರು.

"ಇಷ್ಟ್ ದಿನ ಓದ್ಸಿ ಓದ್ಸಿ, ಕಡಿಗೆ ನಾವ್ ಲೆಕ್ಕಕ್ಕೇ ಇಲ್ಲೆ ಅಂದಂಗಾಯ್ತ್."

"ಓದಾಕ ಬಂತಲ್ರೀ ಅಣ್ಣಾರ," ಎಂದರು ರೈಲ್ವೆಯವರು, ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತೆಗೆಯುತ್ತ. "ಅದನ್ನೇನ್ ಅವರು ವಾಪಸ್ ಇಸ್ಕೊಳ್ಳಾಕ ಆಗಂಗಿಲ್ಲ."

ಟೀಚರಿಗೆ ಅರ್ಥವಾಗಲು ಇನ್ನೊಂದು ಕ್ಷಣ ಬೇಕಾಯಿತು. ಸೊನ್ನೆಯಿಲ್ಲ, ಕನ್ನಡದ ಭಾಗವೇ ಲೆಕ್ಕದಲ್ಲಿಲ್ಲ, ತರಗತಿಯ ಸರಾಸರಿ ಹೋದ ವರ್ಷಕ್ಕಿಂತ ಮೇಲೆ. ಅಂದರೆ ಜೂನ್‌ನಲ್ಲಿ ಬೇರೆ ಶಾಲೆ ಹುಡುಕಬೇಕಿಲ್ಲ. ಅವರು ಕುರ್ಚಿ ಎಳೆದು ಕುಳಿತರು. ಆ ದಿನ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದರು. ಕಾಯಂ ಆದೇಶ ಮೇ ತಿಂಗಳಲ್ಲಿ ಬಂತು. ಅದರ ಸುದ್ದಿಯನ್ನು ಮುಖ್ಯೋಪಾಧ್ಯಾಯಿನಿಯೇ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು.

ಸಂತೋಷಪಡದಿದ್ದವರು ಮಕ್ಕಳು. ನಮ್ಮ ಮಾರ್ಕ್ಸ್ ಎಲ್ಲಿ ಎಂಬುದು ಅವರ ಪ್ರಶ್ನೆ. ಅಡ್ಡಗೆರೆಯನ್ನು ತೋರಿಸಿದೆವು. ಆಮೆಯ ಕಥೆಯನ್ನು ಅಷ್ಟು ಕಷ್ಟಪಟ್ಟು ಓದಿದ್ದಕ್ಕೆ ಗೆರೆಯೇ ಎಂದು ಹುಡುಗ ಕೇಳಿದ, ಈ ಸಲ ತಾನಾಗಿ ಕನ್ನಡದಲ್ಲಿ. ನನ್ನ ಮಗಳು ವರದಿಯನ್ನು ತಿರುಗಿಸಿ ಹಿಂದೆಯೂ ನೋಡಿದಳು. "ಫಲಿತಾಂಶಕ್ಕೆ ತಡೆ," ಎಂದಳು. "ಮಕ್ಕಳ ಆಕ್ರೋಶ."

ಅವರು ಮೂವರೂ ಮೂಲೆಯ ಮೇಜಿಗೆ ಹೋಗಿ ತಮಿಳಿನಲ್ಲಿ ಪಿಸುಗುಟ್ಟಿದರು. ಬಂದು ಹೇಳಿದ್ದು ಇಷ್ಟು: ತಮಗೆ ಯಾರೂ ಮಾರ್ಕ್ಸ್ ಕೊಡದಿದ್ದರೆ ತಾವೇ ಯಾರಿಗಾದರೂ ಕೊಡುತ್ತೇವೆ. ಮಿಸ್ ಇನ್ನೂ ಪರೀಕ್ಷೆ ಬರೆದಿಲ್ಲ.

ಹುಡುಗ ಪೆನ್ಸಿಲ್ ಡಬ್ಬಿಯಿಂದ ಮಳೆಯ ರಜೆಯ ಚೂರನ್ನು ತೆಗೆದು ಮೇಜಿನ ಮೇಲೆ ಅಂಗೈಯಿಂದ ನೇರ ಮಾಡಿದ. ಮಡಿಕೆಗಳಲ್ಲಿ ಅಕ್ಷರ ಮಾಸಿತ್ತು. ಟೀಚರ್ ಬೆರಳಿಟ್ಟು ಓದಿದರು. ಬಾರಿ ಮಳೆ. ಶಾಲೆಗಳಿಗೆ ರಜೆ. ಗೋಷಣೆ.

"ಘೋ, ಮಿಸ್," ಎಂದ ಹುಡುಗ. "ಹೊಟ್ಟೆಯಿಂದ."

ಹೋಟೆಲಿನ ಹುಡುಗಿ ಕೈ ಒರೆಸುವ ಕಾಗದದ ಚೂರೊಂದನ್ನು ಟೀಚರ್ ಬಾಯಿಯ ಮುಂದೆ ಹಿಡಿದಳು. ಕಾಗದ ಅಲ್ಲಾಡಲಿಲ್ಲ. ಎರಡನೆಯ ಸಲ ಟೀಚರಿಗೇ ನಗು ಬಂದು ಕಾಗದ ಬೇರೆ ಕಾರಣಕ್ಕೆ ಹಾರಿತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಪಾಳಿಗೆ ಹೊತ್ತಾಗಿತ್ತು, ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ. ಮೆಟ್ಟಿಲ ನಡುವೆ ಇರುವಾಗ ಮೇಲಿಂದ ದೊಡ್ಡದೊಂದು ಘೋ ಕೇಳಿಸಿತು, ಹಿಂದೆಯೇ ಮೂರು ಜೊತೆ ಕೈಗಳ ಚಪ್ಪಾಳೆ. ಹೋಟೆಲಿನವರ ಬದಲಿಗೆ ಗಲ್ಲಾದಲ್ಲಿ ಕುಳಿತಿದ್ದ ಕೆಲಸದವರು ಏನದು ಎಂದು ಕೇಳಿದರು. ಟೀಚರ್ ಪಾಸಾದರು ಎಂದು ಹೇಳಿ ನಿಲ್ದಾಣದ ಕಡೆಗೆ ನಡೆದೆ.